ಸ್ಪ್ಯಾನಿಷ್ ಸಂಥೆ ಹೇಳಿಕೊಟ್ಟ ಚಳಿಗಾಲ

ಬಿಸಿಲಿಗೆ ಕಾದ ಚಪ್ಪಲಿಗಳ ರಾಶಿಗೆ ಅದರದೇ ಒಂದು ವಾಸನೆಯಿರುತ್ತದೆ. ಚರ್ಮ, ರಬ್ಬರು, ಬೆವರು, ಧೂಳು ಎಲ್ಲ ಸೇರಿದ್ದು. ಮೊನ್ನೆ ಹಳೇಬೀಡಿನ ದೇವಸ್ಥಾನದ ಹೊರಗೆ ಆ ವಾಸನೆ ಮೂಗಿಗೆ ಬಿದ್ದ ಕೂಡಲೇ ನನಗೆ ಮೈಯೆಲ್ಲ ಉರಿಯಿತು. ಹಳೇಬೀಡು ಎಂದರೆ ಜನಕ್ಕೆ ಕಲ್ಲಿನ ಕುಸುರಿ ನೆನಪಾಗುತ್ತದೆ. ನನಗೆ ನೆನಪಾಗುವುದು ಚಪ್ಪಲಿ.

ತಮ್ಮನ ಮನೆಯ ನಾಮಕರಣಕ್ಕೆಂದು ಮೈಸೂರಿನಿಂದ ಅರಸೀಕೆರೆಗೆ ಹೊರಟಿದ್ದೆ. ಹಾಸನದ ಬಸ್‌ ಸ್ಟ್ಯಾಂಡಿನಲ್ಲಿ ಹಳೇಬೀಡಿನ ಬಸ್ಸು ಎದುರಿಗೇ ನಿಂತಿದ್ದನ್ನು ಕಂಡು, ಇಷ್ಟು ವರ್ಷ ಬೇಡವೆಂದು ಬಿಟ್ಟಿದ್ದನ್ನು ಒಮ್ಮೆ ನೋಡಿಬಿಡೋಣ ಎಂದು ಹತ್ತಿಬಿಟ್ಟೆ. ದೇವಸ್ಥಾನದ ಹೊರಗೆ ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚುತ್ತಿದ್ದಾಗ ಒಳಗಿನಿಂದ ಸ್ಪ್ಯಾನಿಷ್ ಕೇಳಿಸಿತು. ಸ್ಪೇನಿನವರ ಬಾಯಿಯದಲ್ಲ, ನಮ್ಮವರ ಬಾಯಿಯದು. ವೇದ ಹೇಳುವ ಏರಿಳಿತದಲ್ಲಿ ಒಂದೇ ಸಮ ಹರಿಯುತ್ತಿತ್ತು. ಅದರ ಒಂದೊಂದು ವಾಕ್ಯವೂ ನನಗೆ ಗೊತ್ತಿತ್ತು, ಯಾಕೆಂದರೆ ಅದನ್ನು ಕಟ್ಟಿದವಳು ನಾನು. ಒಂದು ಕಾಲಿನ ಚಪ್ಪಲಿ ಬಿಟ್ಟು ಇನ್ನೊಂದು ಬಿಡದೆ ಅಲ್ಲೇ ನಿಂತೆ. ಮುಂದಿನ ಭಾಗದಲ್ಲಿ ನನ್ನ ಹೆಸರು ಬರಬೇಕಿತ್ತು. ಬರುತ್ತದೋ ಇಲ್ಲವೋ ನೋಡಬೇಕಿತ್ತು.

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ ಅದು. ನಾನು ಅರಸೀಕೆರೆಯಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಓದು ಮುಗಿದು ಮದುವೆಯಾಗದೆ ಮನೆಯಲ್ಲಿರುವ ಹುಡುಗಿ ಎಂದರೆ ನೆಂಟರಿಷ್ಟರೆಲ್ಲ ಬೇಕಾದಾಗ ಕೇಳಿ ಒಯ್ಯುವ ದೊಡ್ಡ ಪಾತ್ರೆ. ಹಳೇಬೀಡಿನ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಿದ್ದೇ ತಡ, "ವಿಮಲಾ ಸುಮ್ನೆ ಕೂತಿದ್ದಾಳಲ್ಲ, ಕಳಿಸಿ" ಎಂದು ಹೇಳಿಕಳಿಸಿದರು. ನಾನು ಸುಮ್ಮನೆ ಕೂತಿರಲಿಲ್ಲ. ಸ್ಪ್ಯಾನಿಷ್ ಕಲಿಯುತ್ತಿದ್ದೆ. ಆದರೆ ಅದನ್ನು ಕೆಲಸ ಎಂದು ಒಪ್ಪುವವರು ಯಾರು?

ಶುರುವಾಗಿದ್ದು ರೇಡಿಯೋದಿಂದ. ಅಪ್ಪ ರೈಲ್ವೆ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತರು. ಕ್ವಾರ್ಟರ್ಸಿನಲ್ಲಿ ನಮಗೊಂದು ಹಳೆಯ ಶಾರ್ಟ್‌ವೇವ್ ಸೆಟ್ಟಿತ್ತು. ಸಂಜೆ ಮುಳ್ಳು ತಿರುಗಿಸುತ್ತಿದ್ದಾಗ ಎಲ್ಲಿಂದಲೋ ಒಂದು ಹೆಂಗಸಿನ ದನಿ ಸಿಕ್ಕಿತು. ಇಂಜಿನ್ನುಗಳ ಶಂಟಿಂಗ್ ಸದ್ದಿನ ನಡುವೆ ಆಕೆ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿ ಅದನ್ನೇ ಸ್ಪ್ಯಾನಿಷಿನಲ್ಲಿ ಹೇಳುತ್ತಿದ್ದಳು. ಕಾಸಾ ಎಂದರೆ ಮನೆ. ಮೇಸಾ ಎಂದರೆ ಮೇಜು. ಕಮೀಸಾ ಎಂದರೆ ಅಂಗಿ. ಬಹಳಷ್ಟು ಮಾತುಗಳು ನಮ್ಮ ಕನ್ನಡದ ಹಾಗೆ ಸ್ವರದಲ್ಲೇ ಮುಗಿದು ಬಾಯಿಗೆ ಹಿತವಾಗಿದ್ದವು. ಇಂಗ್ಲಿಷ್ ನನಗೆ ಯಾವತ್ತೂ ಪರೀಕ್ಷೆಯ ಭಾಷೆಯಾಗಿತ್ತು. ಅದರಲ್ಲಿ ಬಾಯಿ ತೆರೆದರೆ ಯಾರೋ ತಪ್ಪು ಹಿಡಿಯಲು ಕಾದು ನಿಂತಿರುತ್ತಿದ್ದರು. ಸ್ಪ್ಯಾನಿಷಿನಲ್ಲಿ ತಪ್ಪು ಹಿಡಿಯುವವರು ಅರಸೀಕೆರೆಯಲ್ಲಿ ಒಬ್ಬರೂ ಇರಲಿಲ್ಲ. ಆ ಸ್ವಾತಂತ್ರ್ಯಕ್ಕೇ ನಾನು ಮೊದಲು ಮರುಳಾದದ್ದು.

ಆಮೇಲೆ ಒಂದೊಂದೇ ಸಂಗತಿ ಸಿಕ್ಕಿತು. ಅವರಲ್ಲಿ ನಮ್ಮ ಹಾಗೇ ನೀನು ಬೇರೆ, ನೀವು ಬೇರೆ. ಮೆಕ್ಸಿಕೋದಲ್ಲಿ ವರ್ಷಕ್ಕೊಮ್ಮೆ ಸತ್ತವರಿಗೆ ಅವರು ಬದುಕಿದ್ದಾಗ ಇಷ್ಟಪಟ್ಟ ತಿಂಡಿ ಮಾಡಿ, ಹೂವಿಟ್ಟು ಕಾಯುತ್ತಾರೆ. ನಮ್ಮ ಪಕ್ಕದ ಕ್ವಾರ್ಟರ್ಸಿನ ಪಾಯಿಂಟ್ಸ್‌ಮನ್ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಿದ್ದುದೂ ಹೀಗೆಯೇ. ಊಟವಾದ ಮೇಲೆ ಎದ್ದು ಹೋಗದೆ ಮೇಜಿನ ಮುಂದೆಯೇ ಹರಟುತ್ತ ಕೂರುವ ಹೊತ್ತಿಗೆ ಅವರು ಸೊಬ್ರೆಮೇಸಾ ಎನ್ನುತ್ತಾರೆ. ಊಟವಾದ ಮೇಲೆ ಗಂಡಸರು ಎಲೆಯಡಿಕೆಗೆ, ಹೆಂಗಸರು ಗೋಮಯಕ್ಕೆ ಏಳುವ ಮನೆಯಲ್ಲಿ ಬೆಳೆದವಳಿಗೆ ಆ ಮಾತು ಕೇಳಿ ಹೊಟ್ಟೆಯುರಿಯಿತು. ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಅವರ ಹೆಸರುಗಳು. ತಂದೆಯ ಮನೆತನದ ಹೆಸರಿನ ಪಕ್ಕದಲ್ಲೇ ತಾಯಿಯ ಮನೆತನದ ಹೆಸರು. ಮದುವೆಯಾದರೂ ಹೆಣ್ಣಿನ ಹೆಸರು ಬದಲಾಗುವುದಿಲ್ಲ. ಅಪ್ಪ ಬೆಂಗಳೂರಿನ ಫುಟ್‌ಪಾತಿನಿಂದ ಹಳೆಯ ನಿಘಂಟೊಂದನ್ನು ತಂದುಕೊಟ್ಟರು. ಹಿಟ್ಟು ಕಲಸುವಾಗಲೂ ಅದು ಪಕ್ಕದಲ್ಲಿರುತ್ತಿತ್ತು.

ಹಳೇಬೀಡಿಗೆ ಬಂದಾಗ ರಾಗಿ ಕೊಯ್ಲು ಮುಗಿದಿತ್ತು. ಬಸ್ತಿಹಳ್ಳಿ ಕಡೆಯ ಟಾರು ರಸ್ತೆಯ ತುಂಬ ತೆನೆ ಹರಡಿ, ಬಸ್ಸು ಲಾರಿಗಳ ಚಕ್ರದಿಂದಲೇ ಒಕ್ಕಣೆ ಮಾಡಿಸಿಕೊಳ್ಳುತ್ತಿದ್ದರು. ಬೆಳಗ್ಗೆ ಕೆರೆಯ ಮೇಲಿನ ಮಂಜು ಕರಗುವ ಹೊತ್ತಿಗೆ ಬೆಂಗಳೂರಿನಿಂದ ಟೂರಿಸ್ಟ್ ಬಸ್ಸುಗಳು ಬರಲು ಶುರು. ನಮ್ಮ ದೊಡ್ಡಪ್ಪ ಆ ದೇವಸ್ಥಾನದ ಗೈಡು. ಹಿಂದೆ ನಮ್ಮ ತಾತನೂ ಅದೇ ಕೆಲಸ ಮಾಡಿದ್ದರು. ತಾತ ಹೇಳಿದ್ದ ಇಂಗ್ಲಿಷನ್ನೇ ಇವರೂ ಒಂದಕ್ಷರ ಹೆಚ್ಚು ಕಡಿಮೆಯಿಲ್ಲದೆ ಒಪ್ಪಿಸುತ್ತಿದ್ದರು. ಅದರಲ್ಲಿ ಅವರಿಗೆ ಬಹಳ ಹೆಮ್ಮೆಯ ಭಾಗವೊಂದಿತ್ತು. ಒಂದು ಶಿಲ್ಪದ ಅಡಿಯಲ್ಲಿ ಕೆತ್ತಿದ್ದ ಅಕ್ಷರಗಳ ಮೇಲೆ ಕನ್ನಡಿಯಿಂದ ಬಿಸಿಲು ಬಿಟ್ಟು, ಹೊಯ್ಸಳರ ಕಾಲದ ಶಿಲ್ಪಿ ಅನಾಮಧೇಯನಲ್ಲ, ಮಾಡಿದವನು ತನ್ನ ಹೆಸರು ಬರೆದೇ ಹೋಗಿದ್ದಾನೆ ಎನ್ನುವರು. ಎದೆಯುಬ್ಬಿಸಿ ಹೇಳುವರು. ಆ ಭಾಗವನ್ನು ನೆನಪಿಟ್ಟುಕೊಳ್ಳಿ.

ನನ್ನ ಕೆಲಸ ಅಡುಗೆ, ಪಾತ್ರೆ, ಮಧ್ಯಾಹ್ನ ದೊಡ್ಡಪ್ಪನಿಗೂ ಅವರ ಮಗ ಶ್ರೀಕಂಠನಿಗೂ ದೇವಸ್ಥಾನಕ್ಕೆ ಊಟ ಒಯ್ಯುವುದು. ಒಂದು ದಿನ ಕ್ಯಾರಿಯರ್ ಹಿಡಿದು ಹೋದಾಗ ಮೆಟ್ಟಿಲ ಮುಂದೆ ಸ್ಪೇನಿನವರ ಗುಂಪೊಂದು ಪೆಚ್ಚಾಗಿ ನಿಂತಿತ್ತು. ಅವರ ಜೊತೆ ಬಂದಿದ್ದ ಭಾಷೆ ಬಲ್ಲವನು ಹೊಟ್ಟೆ ಕೆಟ್ಟು ಬಸ್ಸಿನಲ್ಲಿ ಮಲಗಿದ್ದ. ದೊಡ್ಡಪ್ಪನ ಇಂಗ್ಲಿಷ್ ಅವರಿಗೆ ತಿಳಿಯುತ್ತಿರಲಿಲ್ಲ. ನಾನು ಕ್ಯಾರಿಯರ್ ಕೆಳಗಿಟ್ಟು ಬಾಯಿ ತೆರೆದೆ. ಅದುವರೆಗೆ ರೇಡಿಯೋಗೆ ಮಾತ್ರ ಹೇಳಿದ್ದ ಮಾತನ್ನು ಜೀವವಿದ್ದವರಿಗೆ ಹೇಳಿದ್ದು ಅದೇ ಮೊದಲು. ಅವರಿಗೆ ಅರ್ಥವಾಯಿತು! ಅವರು ತಿರುಗಿ ಕೇಳಿದ್ದು ನನಗೂ ಅರ್ಥವಾಯಿತು. ದೇವಸ್ಥಾನವನ್ನೊಂದು ಸುತ್ತು ಹಾಕಿಸಿದೆ, ಗೊತ್ತಿಲ್ಲದ ಕಡೆ ಕೈಬಾಯಿ ತಿರುಗಿಸಿದೆ, ನಗಿಸಿದೆ. ಹೊರಡುವಾಗ ಒಬ್ಬ ಮುದುಕ ನನ್ನ ಎರಡೂ ಕೈ ಹಿಡಿದುಕೊಂಡು ಬಿಡದೆ ಕುಲುಕಿದ. ಅಷ್ಟು ಸಂತೋಷ ನನಗೆ ಆಮೇಲೆ ಡಿಗ್ರಿಗಳು ಬಂದಾಗಲೂ ಆಗಿಲ್ಲ.

ಸಂಜೆ ಸುದ್ದಿ ತಿಳಿದು ಬಂದ ಟೂರ್ ಕಂಪನಿಯವನು ದೊಡ್ಡಪ್ಪನನ್ನು ಕರೆದು, "ಸ್ವಾಮಿ, ನಿಮ್ಮಲ್ಲಿ ಸ್ಪ್ಯಾನಿಷ್ ಇದೆ ಅಂತ ಗೊತ್ತೇ ಇರ್ಲಿಲ್ವಲ್ರೀ! ಈ ಸೀಸನ್ ಬಸ್ಸುಗಳನ್ನೆಲ್ಲ ನಿಮಗೇ ಕಳಿಸ್ತೀನಿ. ಯಾರು ಹೇಳೋದು?" ಎಂದ.

ನಾನು ಅಲ್ಲೇ ನಿಂತಿದ್ದೆ.

"ನನ್ನ ಮಗ ಹೇಳ್ತಾನೆ," ಎಂದರು ದೊಡ್ಡಪ್ಪ.

ರಾತ್ರಿ ಊಟಕ್ಕೆ ಬಡಿಸುವಾಗ ಕೇಳಿದೆ. "ಶ್ರೀಕಂಠನಿಗೆ ಸ್ಪ್ಯಾನಿಷ್ ಬರಲ್ವಲ್ಲ ದೊಡ್ಡಪ್ಪ?"

"ಬರೋದೇನು ಬಂತು? ನೀನು ಹೇಳ್ಕೊಡು, ಅವನು ಒಪ್ಪಿಸ್ತಾನೆ. ರುದ್ರ, ಚಮಕ ಒಪ್ಪಿಸೋನಿಗೆ ಇದೊಂದು ಲೆಕ್ಕವೇ?"

"ನಾನೇ ಹೇಳ್ತೀನಿ. ಇವತ್ತು ಹೇಳಿದ್ನಲ್ಲ."

"ಇವತ್ತೇನೋ ಆಪತ್ಕಾಲ, ಆಯ್ತು. ಮದುವೆಯಾಗಬೇಕಾದ ಹುಡುಗಿ ಗೋಡೆ ಮೇಲಿರೋ ಆ ಬೊಂಬೆಗಳನ್ನ ಕಂಡ ಗಂಡಸರಿಗೆಲ್ಲ ತೋರಿಸ್ತಾ ನಿಲ್ಲೋದಾ? ನಾಳೆ ನಿಮ್ಮಪ್ಪನಿಗೆ ನಾನೇನು ಹೇಳ್ಲಿ?"

ಅದೇ ಬೊಂಬೆಗಳ ವಿವರವನ್ನು ಅವರ ಮಗನಿಗೆ ನಾನು ಹೇಳಿಕೊಡಬಹುದಿತ್ತು. ಅದಕ್ಕೆ ಮಾನದ ಅಡ್ಡಿ ಇರಲಿಲ್ಲ. ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ದೊಡ್ಡಮ್ಮ, "ಹೋಗ್ಲಿ ಬಿಡೇ, ನೀನು ಹೇಳಿದ್ರೇನು, ಅವನು ಹೇಳಿದ್ರೇನು? ಎಲ್ಲ ಮನೆಗೇ ತಾನೇ," ಎಂದರು. ಮನೆಗೇ ತಾನೇ! ಈ ಮಾತನ್ನು ಗಂಡಸಿಗೆ ಯಾರಾದರೂ ಹೇಳಿದ್ದನ್ನು ನಾನು ಇಲ್ಲಿಯವರೆಗೆ ಕೇಳಿಲ್ಲ.

ಹೇಳಿಕೊಟ್ಟೆ. ಬೆಳಗ್ಗೆ ಜಗಲಿಯ ಮೇಲೆ ಸಂಥೆ. ಪಾಠಶಾಲೆಯಲ್ಲಿ ವೇದ ಕಲಿಸುವ ಕ್ರಮ ಅದು. ಗುರು ಒಂದು ಸಲ ಹೇಳಿದ್ದನ್ನು ಶಿಷ್ಯ ಎರಡು ಸಲ ಹೇಳಬೇಕು. ಪುಸ್ತಕವಿಲ್ಲ, ಅರ್ಥದ ಮಾತಿಲ್ಲ. ಶ್ರೀಕಂಠ ನನಗಿಂತ ಒಂದು ವರ್ಷಕ್ಕೆ ದೊಡ್ಡವನು, ಒಳ್ಳೆಯವನೇ, ಅಪ್ಪ ಹೇಳಿದ ಗೆರೆ ದಾಟದವನು. ಅವನ ನೆನಪಿನ ಶಕ್ತಿ ಮಾತ್ರ ಅಸಾಧ್ಯವಾದದ್ದು. ನಾನು ಒಂದು ವಾಕ್ಯ ಹೇಳಿದರೆ ಕಣ್ಣು ಮುಚ್ಚಿ, ತಲೆಯಾಡಿಸುತ್ತ ಎರಡು ಸಲ ಹೇಳುತ್ತಿದ್ದ. ಅದಕ್ಕೆ ತಾನೇ ತಾನಾಗಿ ವೇದದ ಏರಿಳಿತ, ಉದಾತ್ತ ಅನುದಾತ್ತಗಳು ಕೂಡಿಕೊಂಡವು. "ಇದರ ಅರ್ಥ ಕೇಳೋ" ಎಂದರೆ, "ಅರ್ಥ ಯಾಕೆ ಬೇಕು ಕಣೇ? ತಪ್ಪಿಲ್ಲದೆ ಬಂದ್ರೆ ಸಾಕು" ಎನ್ನುತ್ತಿದ್ದ. ನಾನು ಮನಸಾರೆ ಪ್ರೀತಿಸಿದ ಭಾಷೆ ನನ್ನ ಕಣ್ಣೆದುರಿಗೇ ಮಂತ್ರವಾಗಿ, ಯಾರೊಡನೆಯೂ ಮಾತಾಡದ ಭಾಷೆಯಾಗಿ ಹೋಗುತ್ತಿತ್ತು.

ಬಸ್ಸುಗಳು ಬಂದವು. ಶ್ರೀಕಂಠ ಪಂಚೆ ಉಟ್ಟು, ಎದೆಗೆ ಅಪ್ಪನ ಹಾಗೇ ಬಿಲ್ಲೆ ಸಿಕ್ಕಿಸಿಕೊಂಡು ಸ್ಪ್ಯಾನಿಷ್ ಪಠಿಸಿದ. ಬಂದವರಿಗೆ ಮೊದಮೊದಲು ಹಾಡಿನ ಹಾಗೆ ಕೇಳಿ ಖುಷಿಯಾಯಿತು. ತೊಂದರೆ ಬಂದದ್ದು ಅವರು ಏನಾದರೂ ಕೇಳಿದಾಗ. ಮಂತ್ರ ನಡುವೆ ಕಡಿದರೆ ಮತ್ತೆ ಮೊದಲಿನಿಂದ ಹೇಳಬೇಕು ಎನ್ನುವುದು ಅವನಿಗೆ ರಕ್ತದಲ್ಲೇ ಬಂದದ್ದು. ಯಾರಾದರೂ ಪ್ರಶ್ನೆ ಕೇಳಿದರೆ ಕಣ್ಣು ಮುಚ್ಚಿ, "ಬುವೆನೊಸ್ ದಿಯಾಸ್, ಸೆನ್ಯೊರೆಸ್" ಎಂದು ನಮಸ್ಕಾರದಿಂದಲೇ ಶುರುಮಾಡುವನು. ನನಗೆ ದೊಡ್ಡಪ್ಪ ತೋರಿಸಿದ ಜಾಗ ಹೊರಗೆ, ಚಪ್ಪಲಿ ಕಾಯುವ ನಂಜಮ್ಮನ ಪಕ್ಕ. ಮಗ ತಪ್ಪಿದರೆ ಆಮೇಲೆ ತಿದ್ದಬೇಕು, ಒಳಗೆ ಮಾತ್ರ ಬರಕೂಡದು. ನೂರಾರು ಬೂಟುಗಳ ವಾಸನೆಯ ನಡುವೆ ಕೂತು ನನ್ನ ಮಾತು ಬೇರೆಯವನ ಬಾಯಲ್ಲಿ ಹೋಗುವುದನ್ನು ಕೇಳುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಮೆಕ್ಸಿಕೋದ ಗುಂಪೊಂದು ಬಂತು. ಅದರಲ್ಲಿ ಬಿಳಿ ಜಡೆಯ ಹೆಂಗಸೊಬ್ಬಳು, ಸೊಲೆದಾದ್ ಎಂದು ಹೆಸರು. ಹೊರಗೋಡೆಯ ಒಂದು ಶಿಲ್ಪದ ಕೈ ನೋಡಿ ಆಕೆ ಕೂಗಿಯೇಬಿಟ್ಟಳು, "ಮಾಈಸ್!" ನಮ್ಮ ಮುಸುಕಿನ ಜೋಳ. ಅವರ ನಾಡಿನಲ್ಲಿ ಅದು ಬರಿಯ ಕಾಳಲ್ಲ, ದೇವರು ಮನುಷ್ಯನನ್ನು ಆ ಹಿಟ್ಟಿನಿಂದಲೇ ಮಾಡಿದ ಎಂದು ಹಿರಿಯರು ಕಥೆ ಹೇಳುತ್ತಾರೆ. ಈ ಕಲ್ಲಿನ ಹೆಂಗಸಿನ ಕೈಯಲ್ಲಿ ನಮ್ಮ ತೆನೆ ಹೇಗೆ ಬಂತು ಎಂದು ಆಕೆ ಶ್ರೀಕಂಠನನ್ನು ಕೇಳಿದಳು. ಅವನು ಕಣ್ಣು ಮುಚ್ಚಿ, ಬುವೆನೊಸ್ ದಿಯಾಸ್. ಮತ್ತೆ ಕೇಳಿದಳು. ಮತ್ತೆ ಬುವೆನೊಸ್ ದಿಯಾಸ್. ಗುಂಪು ನಗತೊಡಗಿತು. ಆಕೆ ಮಾತ್ರ ನಗಲಿಲ್ಲ. ಅಷ್ಟು ದೂರದಿಂದ ಬಂದು ತನ್ನ ಮನೆಯದೇನೋ ಕಂಡವಳ ಮುಖ ಅದು.

ನನಗೆ ತಡೆಯಲಾಗಲಿಲ್ಲ. ಎದ್ದು ಒಳಗೆ ಹೋಗಿ ಸ್ಪ್ಯಾನಿಷಿನಲ್ಲಿ ಹೇಳಿದೆ, "ಅಮ್ಮಾ, ನಮ್ಮವರು ಇದನ್ನು ಮಾದಳದ ಹಣ್ಣು ಅನ್ನುತ್ತಾರೆ, ತೆನೆ ಅನ್ನುವವರೂ ಇದ್ದಾರೆ. ನಿಮಗೆ ಯಾಕೆ ತೆನೆ ಅನ್ನಿಸಿತು, ಹೇಳಿ." ಆಕೆ ತಿರುಗಿದಳು. ಅಷ್ಟರಲ್ಲಿ ದೊಡ್ಡಪ್ಪ ನನ್ನ ರಟ್ಟೆ ಹಿಡಿದು, "ಚಪ್ಪಲಿ ಹತ್ರ ಕೂತಿರು ಅಂದ್ರೆ ಕೂತಿರ್ಬೇಕು!" ಎಂದು ಗದರಿದರು. ಆಮೇಲೆ ಆ ಜನರ ಕಡೆ ತಿರುಗಿ ಇಂಗ್ಲಿಷಿನಲ್ಲಿ, ನಗುನಗುತ್ತ, ಇವಳು ನಮ್ಮ ಮನೆ ಕೆಲಸದ ಹುಡುಗಿ ಎಂದರು. ಬಾಯಿಪಾಠ ಮಾಡದೆ ಅವರು ಸ್ವಂತವಾಗಿ ಆಡಿದ ಇಂಗ್ಲಿಷನ್ನು ನಾನು ಕೇಳಿದ್ದು ಅದೊಂದೇ ಸಲ. ತಮ್ಮನ ಮಗಳನ್ನು ಕುರಿತು.

ಸೊಲೆದಾದ್ ಹೊರಗೆ ಬಂದು ಬೂಟು ಹಾಕಿಕೊಳ್ಳುವ ನೆಪದಲ್ಲಿ ನನ್ನ ಪಕ್ಕ ಕೂತಳು. ಆ ಹುಡುಗನಿಗೆ ಹೇಳಿಕೊಟ್ಟವಳು ನೀನೇ ಅಲ್ಲವೇ ಎಂದಳು. ಹೂಂ ಎಂದೆ. ತೆನೆಯ ವಿಷಯ ಮಾತಾಡಿದೆವು, ಅವಳ ಊರಿನ ನೇಯುವ ಹೆಂಗಸರ ವಿಷಯ ಮಾತಾಡಿದೆವು. ಬಸ್ಸಿನವನು ಹಾರನ್ ಹೊಡೆದ. ಏಳುವ ಮೊದಲು ನನ್ನ ಪೂರ್ತಿ ಹೆಸರು ಕೇಳಿದಳು, ತಾಯಿಯ ಮನೆತನದ್ದೂ ಸೇರಿಸಿ. ನಮ್ಮಲ್ಲಿ ಅದನ್ನು ಯಾರೂ ಕೇಳುವುದಿಲ್ಲ ಎಂದೆ. "ಯಾರೂ ಕೇಳದಿದ್ದರೂ ಹೇಳು," ಎಂದು ಹೋದಳು.

ಮಾರನೆಯ ಬೆಳಗ್ಗೆ ಸಂಥೆಗೆ ಕೂತಾಗ ಶ್ರೀಕಂಠನಿಗೆ ಹೇಳಿದೆ, "ಒಂದು ಭಾಗ ಬಿಟ್ಟುಹೋಗಿದೆ ಕಣೋ. ಶಿಲ್ಪಿಯ ಹೆಸರು ಬರುತ್ತಲ್ಲ, ಅಲ್ಲಿಂದ ಕೊನೇವರೆಗೂ ಮತ್ತೆ ಹೇಳ್ಕೊಡ್ತೀನಿ." ಅವನು ಕಣ್ಣು ಮುಚ್ಚಿದ. ನಾನು ಒಂದು ಸಲ ಹೇಳಿದೆ, ಅವನು ಎರಡು ಸಲ ಹೇಳಿದ. ಆ ಹೊಸ ಭಾಗದ ಅರ್ಥ ಇಷ್ಟು: ಈ ಕಲ್ಲನ್ನು ಕೆತ್ತಿದವನ ಹೆಸರು ಇಲ್ಲಿದೆ. ನೀವು ಕೇಳುತ್ತಿರುವ ಈ ಮಾತುಗಳು ವಿಮಲಾಳವು. ಹೇಳುತ್ತಿರುವ ನನಗೆ ಸ್ಪ್ಯಾನಿಷ್ ಬರುವುದಿಲ್ಲ. ಪ್ರಶ್ನೆಗಳಿದ್ದರೆ ಅವಳನ್ನು ಕೇಳಿ. ಅವಳು ಹೊರಗೆ ಚಪ್ಪಲಿಗಳ ಹತ್ತಿರ ಕೂತಿದ್ದಾಳೆ.

ಅಂದಿನಿಂದ ಮಜಾ ನೋಡಬೇಕಿತ್ತು. ದೊಡ್ಡಪ್ಪ ಪಕ್ಕದಲ್ಲಿ ತೃಪ್ತಿಯಿಂದ ತಲೆಯಾಡಿಸುತ್ತಿರುವಾಗಲೇ ಶ್ರೀಕಂಠ ರಾಗವಾಗಿ ತನಗೆ ಸ್ಪ್ಯಾನಿಷ್ ಬರುವುದಿಲ್ಲವೆಂದು ಸಾರುತ್ತಿದ್ದ. ನಡುವೆ ಬರುವ ವಿಮಲಾ ಕೂಡ ಅವರಿಬ್ಬರ ಕಿವಿಗೆ ಒಂದು ಸ್ಪ್ಯಾನಿಷ್ ಮಾತೇ. ಬಂದವರು ಮುಖಮುಖ ನೋಡಿಕೊಂಡು, ಹೊರಗೆ ಬಂದು, "ವಿಮಲಾ?" ಎಂದು ಹುಡುಕುತ್ತಿದ್ದರು. ಚಪ್ಪಲಿಗಳ ನಡುವೆ ನನ್ನ ಸುತ್ತ ಕೂತು ಕೇಳುತ್ತಿದ್ದರು, ಹೇಳುತ್ತಿದ್ದರು, ತಮ್ಮ ಊರಿನ ಹಬ್ಬ, ಅಡುಗೆ, ಜಗಳ ಎಲ್ಲ. ನನಗೆ ಸೊಬ್ರೆಮೇಸಾ ಸಿಕ್ಕಿದ್ದು ಅಲ್ಲಿ, ಬೂಟಿನ ವಾಸನೆಯಲ್ಲಿ. ನಂಜಮ್ಮ ಬೆರಗಾಗಿ, "ಏನವ್ವಾ, ನಿನ್ ಹೆಸ್ರು ಈ ಬಿಳಿ ಜನ್ದ ಬಾಯಾಗೆಲ್ಲ ಐತಲ್ಲಾ!" ಎಂದಳು.

ಶಿವರಾತ್ರಿಯ ಹೊತ್ತಿಗೆ ಗುಟ್ಟು ಬಯಲಾಯಿತು. ಟೂರ್ ಕಂಪನಿಯವನು ಮನೆಗೇ ಬಂದು, "ಯಾರ್ರೀ ಅದು ವಿಮಲಾ? ಬಂದೋರೆಲ್ಲ ಅವರನ್ನೇ ಕೇಳ್ತಾರೆ. ಅವರನ್ನೇ ಒಳಗೆ ನಿಲ್ಲಿಸಿ" ಎಂದ. ಶ್ರೀಕಂಠ ಪಠಿಸುತ್ತಿರುವುದೇನೆಂದೂ ಹೇಳಿದ. ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಂತೆಯೇ, "ಆ ಹುಡುಗಿಗೆ ಮದುವೆ ಆಗೋಯ್ತು. ಈ ಊರಲ್ಲಿಲ್ಲ," ಎಂದು ಅವನನ್ನು ಸಾಗಹಾಕಿದರು. ಹೀಗೆ ನನ್ನ ಮೊದಲ ಮದುವೆ ಬಾಯಿಮಾತಿನಲ್ಲೇ ನಡೆದುಹೋಯಿತು.

ಆಮೇಲೆ ನನ್ನ ಕಡೆ ತಿರುಗಿದರು. "ಉಂಡ ಮನೆಗೆ ಮಸಿ ಬಳಿದೆಯಲ್ಲೇ! ಆ ಭಾಗ ಈಗಲೇ ತೆಗೆಸು!"

"ತೆಗೀತೀನಿ. ಮೊದಲಿಂದ ಪೂರ್ತಿ ಸಂಥೆ ಹೇಳ್ಬೇಕು. ನನ್ನನ್ನ ಒಳಗೆ ನಿಂತು ಮಾತಾಡೋಕೆ ಬಿಟ್ರೆ ಹೇಳ್ತೀನಿ."

"ಸಾಯೋವರೆಗೂ ಬಿಡಲ್ಲ!"

"ಹಾಗಾದ್ರೆ ಅದೂ ಹೋಗಲ್ಲ."

ಅವರು ಕೈ ಎತ್ತಿದರು. ದೊಡ್ಡಮ್ಮ ನಡುವೆ ಬಂದು, ಆಗತಾನೇ ಪಟ್ಟಿ ಬಿಚ್ಚಿದ್ದ ಕೈಯನ್ನು ಗಂಡನ ಮುಂದೆ ಚಾಚಿ, "ಅವಳ ಹೆಸರು ಅವಳು ಹೇಳಿಸ್ಕೊಂಡ್ರೆ ನಿಮ್ಮ ಗಂಟೇನು ಹೋಯ್ತು?" ಎಂದರು. ಆ ಮನೆಯಲ್ಲಿ ನನ್ನ ಪರವಾಗಿ ಬಂದ ಮಾತು ಅದೊಂದೇ. ಮಾರನೆಯ ದಿನ ನನ್ನನ್ನು ಅರಸೀಕೆರೆಯ ಬಸ್ಸು ಹತ್ತಿಸಿದರು. ತೆಂಗಿನಕಾಯಿ ಮೂಟೆಗಳ ಪಕ್ಕ ನಿಂತು, ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ಬಂದೆ. ಅಪ್ಪ ಎಲ್ಲ ಕೇಳಿಸಿಕೊಂಡರು. ಸಂಜೆ ರೇಡಿಯೋಗೆ ಹೊಸ ಸೆಲ್ ಹಾಕಿಕೊಟ್ಟರು.

ಮುಂದಿನದನ್ನು ಶ್ರೀಕಂಠನೇ ಒಂದು ಮದುವೆಮನೆಯಲ್ಲಿ ನನಗೆ ಹೇಳಿದ. ಆ ಭಾಗ ಬಿಟ್ಟು ಹೇಳು ಎಂದು ದೊಡ್ಡಪ್ಪ ಹಟ ಹಿಡಿದರಂತೆ. ಅವನು ಪ್ರಯತ್ನಪಟ್ಟನಂತೆ. ಶಿಲ್ಪಿಯ ಹೆಸರಿನಿಂದ ಮುಂದಕ್ಕೆ ಹಾರಿದರೆ ಕೊಂಡಿ ಕಳಚಿ ಎಲ್ಲವೂ ಮರೆತುಹೋಗಿ, ಬಸ್ಸಿನವರ ಮುಂದೆ ಬಾಯಿ ಬಿಟ್ಟುಕೊಂಡು ನಿಂತನಂತೆ. ಕಲಿತ ಹಾಗೆ ಹೇಳಿದರೆ ಮಾತ್ರ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಬಸ್ಸುಗಳನ್ನು ಬಿಡಲಾಗದೆ ದೊಡ್ಡಪ್ಪ ಬಾಯಿ ಮುಚ್ಚಿಕೊಂಡರು. ನನ್ನ ಹೆಸರು ಕೇಳುತ್ತ ಕೇಳುತ್ತಲೇ ತೀರಿಕೊಂಡರು. ಹಿರಿಯರ ಬಗ್ಗೆ ಹೀಗೆ ಬರೆಯಬಾರದು ಎನ್ನುವವರು ಒಂದು ಸೀಸನ್ ಚಪ್ಪಲಿಗಳ ಹತ್ತಿರ ಕೂತು ಬರಲಿ.

ನಾನು ಆ ಭಾಷೆಯನ್ನೇ ಓದಿದೆ, ಮೈಸೂರಿನಲ್ಲಿ ಅದನ್ನೇ ಕಲಿಸುತ್ತೇನೆ. ಪ್ರಶ್ನೆ ಕೇಳದ ವಿದ್ಯಾರ್ಥಿಯನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮೊನ್ನೆ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡೇ ಕಾಯುತ್ತಿದ್ದೆನಲ್ಲ, ಒಳಗಿನ ದನಿ ಶಿಲ್ಪಿಯ ಹೆಸರಿಗೆ ಬಂತು. ಅದೇ ಏರಿಳಿತ. ಆಮೇಲೆ ಬಂತು, "ಎಸ್ತಾಸ್ ಪಲಾಬ್ರಾಸ್ ಸೊನ್ ದೆ ವಿಮಲಾ." ಈ ಮಾತುಗಳು ವಿಮಲಾಳವು. ಬಗ್ಗಿ ನೋಡಿದೆ. ಹೇಳುತ್ತಿದ್ದವನು ಶ್ರೀಕಂಠನ ಮಗ, ಅದೇ ಮೂಗು, ಅದೇ ಮುಚ್ಚಿದ ಕಣ್ಣು, ಎದೆಯ ಮೇಲೆ ಬಿಲ್ಲೆ. ಅಪ್ಪನಿಂದ ಸಂಥೆಯಾಗಿ ಕಲಿತಿರಬೇಕು. ಒಂದು ಗಳಿಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಮುಂದಿನ ವಾಕ್ಯವೂ ಬಂತು. ಅವಳು ಹೊರಗೆ ಚಪ್ಪಲಿಗಳ ಹತ್ತಿರ ಕೂತಿದ್ದಾಳೆ. ಸ್ಪೇನಿನವರೆಲ್ಲ ತಿರುಗಿ ಹೊರಗೆ, ನಾನು ನಿಂತಿದ್ದ ಕಡೆಗೇ ನೋಡಿದರು. ಇಷ್ಟು ವರ್ಷ, ಬಂದುಹೋದ ಅಷ್ಟೂ ಜನರ ಕಣ್ಣಿನಲ್ಲಿ ನಾನು ಅಲ್ಲೇ ಕೂತಿದ್ದೆ. ಕೂರಿಸಿದವರು ದೊಡ್ಡಪ್ಪ, ಸರಿ. ಆದರೆ ಅವರು ಹೋದ ಮೇಲೂ ಒಬ್ಬರಾದರೂ ಬಂದು, ಏಳು, ಒಳಗೆ ಬಾ ಎಂದರೇ?

ಇನ್ನೊಂದು ಚಪ್ಪಲಿಯನ್ನೂ ಬಿಟ್ಟೆ. ಮೆಟ್ಟಿಲು ಹತ್ತಿ ಗುಂಪಿನ ನಡುವೆ ಹೋಗಿ ಸ್ಪ್ಯಾನಿಷಿನಲ್ಲಿ ಗಟ್ಟಿಯಾಗಿ ಹೇಳಿದೆ, "ವಿಮಲಾ ಚಪ್ಪಲಿಗಳ ಹತ್ತಿರ ಇಲ್ಲ. ಇಲ್ಲಿದ್ದಾಳೆ. ಏನು ಕೇಳಬೇಕೋ ಕೇಳಿ."

ಮಾತು ಕಡಿದದ್ದಕ್ಕೆ ಆ ಹುಡುಗ ಗಾಬರಿಯಾಗಿ ಕಣ್ಣು ಮುಚ್ಚಿ ಬುವೆನೊಸ್ ದಿಯಾಸ್ ಎಂದು ಮೊದಲಿನಿಂದ ಶುರುಮಾಡಿದ.

"ನಿಲ್ಸೋ," ಎಂದೆ.

ಅವನು ಕಣ್ಣು ಬಿಟ್ಟ. "ನೀವ್ಯಾರು ಮೇಡಂ?"

"ಈಗ ತಾನೇ ನೀನೇ ಹೇಳಿದ್ಯಲ್ಲೋ."

ಅವನಿಗೆ ತಿಳಿಯಲಿಲ್ಲ. ತಿಳಿಸುತ್ತ ನಿಲ್ಲಲು ನನಗೆ ಪುರುಸೊತ್ತಿರಲಿಲ್ಲ. ಕೈಯಲ್ಲಿ ತೆನೆಯಂಥದ್ದನ್ನು ಹಿಡಿದ ಆ ಕಲ್ಲಿನ ಹೆಂಗಸು ಹೊರಗೋಡೆಯ ಆ ಬದಿಗಿದ್ದಳು. ಎಲ್ಲರನ್ನೂ ಮೊದಲು ಅಲ್ಲಿಗೆ ಕರೆದುಕೊಂಡು ಹೋದೆ.